ಚಿರತೆ ಬಂತು! ಏನು ಮಾಡೋಣ?

ನಮ್ಮ ಊರು ಕುಪ್ಪೇಲೂರು. ನಾವು ಗೋವಿನಜೋಳ ಬೆಳೆಯುತ್ತೇವೆ. ಆಡು, ಕುರಿ ಸಾಕುತ್ತೇವೆ. ನಮ್ಮ ರಾಣೇಬೆನ್ನೂರು ತಾಲೂಕಿನಲ್ಲಿ ಕಾಡೂ ಇದೆ. ಕೃಷ್ಣಮೃಗ ಉಳಿಯಲಿ ಎಂದು 1974ರಲ್ಲಿ ಸರ್ಕಾರ ಅದನ್ನು ಅಭಯಾರಣ್ಯ ಮಾಡಿತು.

ಆದರೆ ಚಿರತೆಗೆ ದೊಡ್ಡ ಕಾಡೇ ಬೇಕೆಂದಿಲ್ಲ. ಕಲ್ಲುಗುಡ್ಡ, ಕುರುಚಲು ಗಿಡ, ಕಬ್ಬಿನ ಹೊಲ ಇದ್ದರೂ ಸಾಕು. ಹಗಲು ಅಡಗುತ್ತದೆ. ರಾತ್ರಿ ಹೊರಡುತ್ತದೆ. ನಾಯಿ, ಆಡು, ಕಾಡುಹಂದಿಯ ಮರಿ ಹಿಡಿಯುತ್ತದೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1879 ಚಿರತೆಗಳಿದ್ದವು.

"ಆಡು ಹೋತು. ಇನ್ನು ಸಂತೆಗೆ ಏನು ಒಯ್ಯೂದು? ಅದನ್ನ ಹಿಡಿದು ದೂರ ಬಿಡ್ರಿ!" ಅಂತೀವಿ ನಾವು. ಈ ಸಿಟ್ಟು ತಪ್ಪಲ್ಲ. ಆಡು ಅಂದರೆ ನಮ್ಮ ಕೈಗಂಟು. ಮಕ್ಕಳ ಚಿಂತೆ ಬೇರೆ.

ಆದರೆ ಹಿಡಿದು ಬೇರೆ ಕಡೆ ಬಿಟ್ಟರೆ ಕಾಟ ತಪ್ಪುತ್ತದೆಯೇ? ಮಹಾರಾಷ್ಟ್ರದ ಜುನ್ನರ ಭಾಗದಲ್ಲಿ ಹಾಗೆ ಮಾಡಿ ನೋಡಿದರು. ಮೊದಲು ಅಲ್ಲಿ ವರ್ಷಕ್ಕೆ ಸರಾಸರಿ 4 ಸಲ ಚಿರತೆ ಮನುಷ್ಯರ ಮೇಲೆ ಬೀಳುತ್ತಿತ್ತು. 2001ರಿಂದ 2003ರವರೆಗೆ ಅದು ವರ್ಷಕ್ಕೆ 17 ಸಲ ಆಯಿತು! ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ಕಂಗಾಲಾಗುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಹಾಗಾದರೆ ದಾರಿ ಯಾವುದು? ಚಿರತೆಗೆ ನಮ್ಮ ಮನೆ ಹತ್ತಿರ ಊಟ ಸಿಗಬಾರದು.

* ರಾತ್ರಿ ಆಡು, ಕುರಿಗಳನ್ನು ಕೊಟ್ಟಿಗೆಯಲ್ಲಿ ಕೂಡಿ ಹಾಕೋಣ. ಚಿರತೆ ಗೋಡೆ ಹತ್ತುತ್ತದೆ. ಆದ್ದರಿಂದ ಬಾಗಿಲಿನ ಜೊತೆ ಮೇಲ್ಛಾವಣಿಯೂ ಗಟ್ಟಿ ಇರಲಿ.
* ಸತ್ತ ಕೋಳಿ, ಮಾಂಸದ ಕಸ ಬಯಲಿಗೆ ಎಸೆಯುವುದು ಬೇಡ. ಅದಕ್ಕೆ ನಾಯಿ ಬರುತ್ತವೆ. ನಾಯಿ ಹಿಂದೆ ಚಿರತೆ ಬರುತ್ತದೆ.
* ಕತ್ತಲಲ್ಲಿ ಒಬ್ಬರೇ ಹೊರಗೆ ಹೋಗುವುದು ಬೇಡ. ಇಬ್ಬರು ಹೋಗೋಣ. ಬ್ಯಾಟರಿ ಇರಲಿ, ಮಾತಾಡುತ್ತಾ ಹೋಗೋಣ. ಮಕ್ಕಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳೋಣ.
* ಚಿರತೆ ಕಂಡರೆ ಗುಂಪು ಕೂಡುವುದು, ಕಲ್ಲು ಹೊಡೆಯುವುದು ಬೇಡ. ಹೆದರಿದ ಚಿರತೆ ಮೈಮೇಲೆ ಬೀಳುತ್ತದೆ. ಅರಣ್ಯ ಇಲಾಖೆಗೆ ಫೋನು ಮಾಡೋಣ. ಸಹಾಯವಾಣಿ ನಂಬರು 1926.
* ಆಡು ಸತ್ತರೆ ಅಲ್ಲೇ ಬಿಡೋಣ. ಇಲಾಖೆಯವರು ಬಂದು ನೋಡಿ ಬರೆದುಕೊಳ್ಳಬೇಕು. ಆಗ ಪರಿಹಾರಕ್ಕೆ ಅರ್ಜಿ ಕೊಡೋಣ. ಅದು ನಮ್ಮ ಹಕ್ಕು. ಓದಿ ನೋಡಿ, ಆಮೇಲೆ ಸಹಿ ಹಾಕೋಣ.

ವಿಷ ಇಡುವುದು, ಉರುಳು ಹಾಕುವುದು ಅಪರಾಧ. 1972ರ ಕಾಯದೆ ಚಿರತೆಯನ್ನು ಕಾಪಾಡುತ್ತದೆ. ವಿಷಕ್ಕೆ ನಮ್ಮ ನಾಯಿ, ದನವೂ ಸಾಯಬಹುದು.

ನಮ್ಮ ಗೋವಿನಜೋಳ ಹಾಳು ಮಾಡುವ ಹಂದಿಗಳ ಮರಿಗಳನ್ನು ಚಿರತೆ ತಿನ್ನುತ್ತದೆ. ಅದೂ ಬದುಕಲಿ. ನಮ್ಮ ಆಡೂ ಉಳಿಯಲಿ.

ಉತ್ತರ ಹೇಳಿ, ಬರೆಯಿರಿ
1. ಕೊಟ್ಟಿಗೆಗೆ ಮೇಲ್ಛಾವಣಿ ಯಾಕೆ ಬೇಕು?
2. ಸಹಾಯವಾಣಿ ನಂಬರು ಯಾವುದು? ಗೋಡೆ ಮೇಲೆ ಬರೆಯಿರಿ.
3. ನಿಮ್ಮ ಓಣಿಯಲ್ಲಿ ಯಾರ ಕೊಟ್ಟಿಗೆಗೆ ಬಾಗಿಲಿಲ್ಲ? ಎಲ್ಲರೂ ಕೂಡಿ ಏನು ಮಾಡಬಹುದು?