ಉಳಿದವರ ಲೆಕ್ಕ

1. ಲಸಿಕೆ ಹಾಕಿಸಿಕೊಂಡವರೆಲ್ಲ ರಕ್ಷಣೆ ಪಡೆದವರೆಂದು ಬರೆದುಕೊಳ್ಳಬೇಡಿ. ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ ದಡಾರ ಬಂದ ಒಂದು ಮಗುವಿನಿಂದ 12ರಿಂದ 18 ಮಂದಿಗೆ ಸೋಂಕು ದಾಟಬಹುದು. 15 ಎಂದಿಟ್ಟುಕೊಂಡರೆ, ಹರಡುವಿಕೆ ನಿಲ್ಲಲು 15ರಲ್ಲಿ 14 ಮಂದಿಗೆ, ಅಂದರೆ ಸುಮಾರು ಶೇ. 93 ಜನರಿಗೆ, ರಕ್ಷಣೆ ಇರಬೇಕು. ಒಂಬತ್ತನೇ ತಿಂಗಳಿನ ಡೋಸ್ ಫಲಿಸುವುದು ಸುಮಾರು ಶೇ. 85 ಮಕ್ಕಳಲ್ಲಿ. ಒಂದು ಮಗುವೂ ತಪ್ಪದಂತೆ ಅದನ್ನು ಕೊಟ್ಟರೂ ಲೆಕ್ಕ ತುಂಬುವುದಿಲ್ಲ. ಎರಡನೇ ಡೋಸ್ ಬಿಡಬೇಡಿ ಎಂದು ತಾಯಂದಿರನ್ನು ಬೇಡಿಕೊಳ್ಳುವುದು ಇದಕ್ಕೇ.

2. ಸೋಂಕು ಹೇಗೆ ಹರಡುತ್ತದೆಂದು ಲೆಕ್ಕ ಹಾಕುವ ಗಣಿತದ ಮಾದರಿಯಲ್ಲಿ ವಯಸ್ಸು ಇರಲೇಬೇಕು. ಇದನ್ನು ರುಬೆಲ್ಲಾದಷ್ಟು ಕಟುವಾಗಿ ನನಗೆ ಬೇರೆ ಯಾವ ರೋಗವೂ ಕಲಿಸಿಲ್ಲ. ಮಕ್ಕಳಿಗೆ ಬಂದರೆ ಅದು ಸಣ್ಣ ಜ್ವರ, ಮೈಮೇಲೆ ಗಂಧೆ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೇ ಪೆಟ್ಟು. ಅರ್ಧದಷ್ಟು ಮಕ್ಕಳಿಗೆ ಲಸಿಕೆ ಸಿಕ್ಕರೂ ಒಟ್ಟು ಸೋಂಕು ಇಳಿಯುತ್ತದೆ, ನಿಜ. ಆದರೆ ವೈರಾಣುವಿನ ಓಡಾಟ ಕಡಿಮೆಯಾದ್ದರಿಂದಲೇ ಲಸಿಕೆ ಸಿಗದ ಹುಡುಗಿ ಬಾಲ್ಯದಲ್ಲಿ ಅದಕ್ಕೆ ಸಿಗದೆ ದೊಡ್ಡವಳಾಗಿ, ಬಸುರಿಯಾದಾಗ ಸಿಕ್ಕಿಬೀಳುತ್ತಾಳೆ. ಗ್ರೀಸ್‌ನಲ್ಲಿ ಹೀಗೇ ಆಯಿತು. ಅಲ್ಲಿ 1970ರ ದಶಕದಿಂದ ಲಸಿಕೆಯಿತ್ತು, ವ್ಯಾಪ್ತಿ ಅರೆಬರೆ. 1993ರ ಅಲೆ ದೊಡ್ಡವರನ್ನೇ ಹೆಚ್ಚಾಗಿ ಹಿಡಿಯಿತು, ಅದರ ಬೆನ್ನಿಗೇ ಊನಗೊಂಡ ಶಿಶುಗಳು ಹುಟ್ಟಿದವು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ಒಂಬತ್ತು ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ ಒಟ್ಟಿಗೆ ಚುಚ್ಚುಮದ್ದು ಕೊಟ್ಟದ್ದು ಏಕೆಂಬುದಕ್ಕೆ ಉತ್ತರ ಇಲ್ಲಿದೆ.

3. ಮಾದರಿಯ ಗೆರೆ ಅಂಕಿಅಂಶಕ್ಕೆ ಹೊಂದಿತೆಂದು ಕಾರಣ ಸಿಕ್ಕಿತೆನ್ನಬೇಡಿ. ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದಿದ್ದ ಮೆಕೆಂಡ್ರಿಕ್ ಅವರು ಕರ್ಮ್ಯಾಕ್ ಜೊತೆ 1927ರಲ್ಲಿ ಪ್ರಕಟಿಸಿದ, ಸಾಂಕ್ರಾಮಿಕ ರೋಗದ ಹರಡುವಿಕೆಯ ಸಮೀಕರಣ ಮುಂಬೈಯ 1905-06ರ ಪ್ಲೇಗ್ ಸಾವುಗಳಿಗೆ ಚೆನ್ನಾಗಿಯೇ ಹೊಂದಿತು. ಅಲ್ಲಿ ರೋಗ ತಂದದ್ದು ಇಲಿಗಳ ಚಿಗಟ. ಸಮೀಕರಣದಲ್ಲಿ ಇಲಿಯೇ ಇಲ್ಲ.

4. ಜಿಲ್ಲೆಯಲ್ಲಿ ಲಸಿಕೆ ಸಿಕ್ಕವರ ಸರಾಸರಿ ಶೇ. 95 ಎಂದರೆ, ನೂರರಲ್ಲಿ ಉಳಿದ ಐವರು ಎಲ್ಲಿದ್ದಾರೆ ಎಂದು ಮೊದಲು ಕೇಳುತ್ತೇನೆ. ಊರೆಲ್ಲ ಚದುರಿದ್ದರೆ ಸೋಂಕಿಗೆ ದಾರಿ ಸಿಗುವುದು ಕಷ್ಟ. ಇಟ್ಟಿಗೆ ಭಟ್ಟಿಯ ಪಕ್ಕದಲ್ಲೋ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲೋ ಒಟ್ಟಿಗಿದ್ದರೆ ಆ ಸರಾಸರಿಗೆ ಅರ್ಥವಿಲ್ಲ. ಈ ಮಾಹಿತಿಗೆ ಆಶಾ ಕಾರ್ಯಕರ್ತೆಯರ ಬಳಿಗೇ ಹೋಗಬೇಕು.

5. ಅಭಿಯಾನದ ನಂತರದ ಶಾಂತ ವರ್ಷಗಳಲ್ಲಿ ಎಣಿಕೆ ನಿಲ್ಲಿಸಬಾರದು. ಹುಟ್ಟುವ ಮಕ್ಕಳಲ್ಲಿ ಪ್ರತಿವರ್ಷ ಹತ್ತಕ್ಕೊಬ್ಬರು ರಕ್ಷಣೆಯಿಲ್ಲದೆ ಉಳಿದರೆ, ಹತ್ತು ವರ್ಷಕ್ಕೆ ಒಂದಿಡೀ ವರ್ಷದಲ್ಲಿ ಹುಟ್ಟಿದಷ್ಟು ಮಕ್ಕಳು ಸೇರಿರುತ್ತಾರೆ. ವರದಿಯ ಮೊದಲ ಸಾಲಿನಲ್ಲಿ ನಾನು ಬರೆಯುವುದು ಈ ಸಂಖ್ಯೆಯನ್ನೇ.