ಮುತ್ತಜ್ಜಿಯನ್ನು ಎಲ್ಲಿ ಹುಡುಕುತ್ತೀಯ?

ಪುಟ್ಟೀ, ಮುತ್ತಜ್ಜನ ಹೆಸರು ಸಿಕ್ಕಿತು, ಮುತ್ತಜ್ಜಿಯದು ಎಲ್ಲೂ ಇಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯ. ಪಹಣಿಯಲ್ಲಿ ಹುಡುಕಿದರೆ ಹೇಗೆ ಸಿಗುತ್ತಾಳೆ? ಕಂದಾಯ ಯಾರಿಂದ ವಸೂಲು ಮಾಡಬೇಕು ಅಂತ ಸರ್ಕಾರ ಬರೆದಿಟ್ಟುಕೊಂಡ ಲೆಕ್ಕ ಅದು. ನಮ್ಮ ಮನೆತನ ಅದಕ್ಕೆ ಬೇಕಾಗಿಲ್ಲ. ಮೇಲಾಗಿ ನೀನು ಮೊಬೈಲಿನಲ್ಲಿ ನೋಡಿದ್ದು 'ಭೂಮಿ' ಯೋಜನೆ ಬಂದ ಮೇಲಿನದು, ಹೆಚ್ಚುಕಡಿಮೆ 2000ದಿಂದ ಈಚಿನದು. ಹಿಂದಿನ ಕೈಬರಹದ್ದು ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು.

ಅಲ್ಲಿ ಪೌತಿ ಖಾತೆ ಆದದ್ದನ್ನು ಕೇಳು. ಆಗಿನ ಹೆಂಗಸರು ಕಾಗದಕ್ಕೆ ಬರುತ್ತಿದ್ದುದು ಹೆಚ್ಚಾಗಿ ಗಂಡ ಸತ್ತ ಮೇಲೆ. ಖಾತೆದಾರ ತೀರಿಕೊಂಡು ವಾರಸುದಾರರ ಹೆಸರಿಗೆ ಖಾತೆ ಬದಲಾಗುವಾಗ ಇಂಥವಳು 'ಕೋಂ' ಇಂಥವನು, ಅಂದರೆ ಅವನ ಹೆಂಡತಿ, ಅಂತ ಬರೆಯುತ್ತಿದ್ದರು. ಮಕ್ಕಳು ಚಿಕ್ಕವರಿದ್ದರೆ 'ಮೈನರ್ ಗಾರ್ಡಿಯನ್ ತಾಯಿ' ಅಂತ ಸೇರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಅಂಥ ಒಂದು ಸಾಲು ಸಿಕ್ಕರೆ ಅವಸರ ಮಾಡದೆ ಓದು. ಗಂಡ ಚಿಕ್ಕ ವಯಸ್ಸಿಗೇ ಹೋದ, ಓದುಬರಹ ಬಾರದವಳು, ಆದರೂ ದಾಯಾದಿಗಳ ನಡುವೆ ಜಮೀನು ಬಿಟ್ಟುಕೊಡದೆ ನಿಂತಳು. ಇಷ್ಟು ತಿಳಿಯುತ್ತದೆ.

ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರವನ್ನಂತೂ ಬಿಡಬೇಡ. ಎಲ್ಲರೂ ಬೆಲೆ ನೋಡುತ್ತಾರೆ. ನೀನು ಚೆಕ್ಕುಬಂದಿ ನೋಡು, ಸಾಕ್ಷಿಗಳನ್ನು ನೋಡು. ಪೂರ್ವಕ್ಕೆ, ಪಶ್ಚಿಮಕ್ಕೆ ಯಾರ ಜಮೀನು ಅಂತ ಬರೆದಿರುತ್ತದಲ್ಲ, ಎಷ್ಟೋ ಸಲ ಅವರೇ ಪಾಲಾಗಿ ಹೋದ ಅಣ್ಣತಮ್ಮಂದಿರು. ಸಾಕ್ಷಿಗಳಲ್ಲಿ ಬೇರೆ ಊರಿನವನೊಬ್ಬ ಇದ್ದರೆ ಆ ಊರಿನ ಹೆಸರು ಗುರುತು ಹಾಕಿಕೋ. ಅವನು ಭಾವಮೈದುನ ಇರಬಹುದು, ಆ ಊರೇ ಮುತ್ತಜ್ಜಿಯ ತವರು ಇರಬಹುದು. ಇರಬಹುದು ಅಷ್ಟೆ, ಇನ್ನೊಂದು ಆಧಾರ ಸಿಗುವವರೆಗೆ ಪೆನ್ಸಿಲಿನಲ್ಲೇ ಇರಲಿ.

ಇಸವಿಯ ವಿಷಯದಲ್ಲಿ ಹುಷಾರು. ಹಳಬರು 'ಪ್ಲವ ಸಂವತ್ಸರದಲ್ಲಿ ಹುಟ್ಟಿದ್ದು' ಅನ್ನುತ್ತಾರೆ. 1901ರಲ್ಲೂ ಪ್ಲವ, 1961ರಲ್ಲೂ ಪ್ಲವ. ಮೊಮ್ಮಗನಿಗೆ ತಾತನ ಹೆಸರಿಡುವ ಮನೆಯಲ್ಲಿ ಅರವತ್ತು ವರ್ಷ ಆಚೀಚೆಯಾದರೆ ಇಬ್ಬರು ಒಬ್ಬರಾಗಿಬಿಡುತ್ತಾರೆ.

ಊರಿಗೆ ಹೆಳವರು ಬಂದರೆ ಕೂರಿಸಿಕೊಂಡು ವಂಶಾವಳಿ ಹೇಳಿಸು. ತಲೆಮಾರುಗಳಿಂದ ಅದೇ ಕಸುಬು ಅವರದು. ದವಸವೋ ದುಡ್ಡೋ ಕೈತುಂಬ ಕೊಟ್ಟು ಕಳಿಸು, ಚೌಕಾಸಿ ಮಾಡಬೇಡ. ಇನ್ನು ಜಮೀನೇ ಇಲ್ಲದವರ ಹೆಸರು ಸಾಮಾನ್ಯವಾಗಿ ಪಹಣಿಗೆ ಬರುವುದಿಲ್ಲ. ಅವರನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಕಬೇಕು.

ಆದರೆ ಇದೆಲ್ಲ ಆಮೇಲೆ. ಕಚೇರಿಯ ಕಡತ ಮುಂದಿನ ವರ್ಷವೂ ಇರುತ್ತದೆ, ಮುತ್ತಜ್ಜಿಯ ಸೊಸೆಯಾದ ನಿನ್ನ ದೊಡ್ಡಜ್ಜಿಗೆ ಆಗಲೇ ತೊಂಬತ್ತು ದಾಟಿದೆ. ಫೋನ್ ಮಾಡಬೇಡ, ಕಿವಿ ಮಂದ. ಹೋಗಿ ಎರಡು ದಿನ ಇದ್ದು ಬಾ. 'ನಮ್ಮ ವಂಶದ ಇತಿಹಾಸ ಹೇಳಿ' ಅಂದರೆ ಅವರು 'ನನಗೇನು ಗೊತ್ತು ಮಗಾ' ಅಂದುಬಿಡುತ್ತಾರೆ. 'ನಿಮ್ಮತ್ತೆ ಮೊದಲನೇ ಬಾಣಂತನಕ್ಕೆ ಯಾವ ಊರಿಗೆ ಹೋಗಿದ್ದರು?' ಅಂತ ಕೇಳು.