ಕೇಸು ಹಾಕು, ಆದರೆ ಕರಾರು ಓದು

ನೋಡಪ್ಪಾ, ಅಡುಗೆಮನೆ ಕೆಡವಿ ಅರ್ಧಕ್ಕೇ ಬಿಟ್ಟುಹೋದ ಕಂಟ್ರಾಕ್ಟರನ ಮೇಲೆ ಕೇಸು ಹಾಕುತ್ತೀನಿ ಅಂದೆಯಲ್ಲ, ಧಾರಾಳವಾಗಿ ಹಾಕು. ಆದರೆ ಅಮೆರಿಕದ ಜಡ್ಜುಗಳೆಲ್ಲ ದುಡ್ಡು ಸುರಿದು ಚುನಾವಣೆ ಗೆದ್ದವರು ಅಂದೆ ನೋಡು, ಆ ಮಾತು ನಮ್ಮ ವರ್ಜೀನಿಯದ ರೆಸ್ಟನ್ನಿಗೆ ಹೊಂದುವುದಿಲ್ಲ.

ಊರಿನಲ್ಲಿ, ಕರ್ನಾಟಕದಲ್ಲಿ, ಸಿವಿಲ್ ಜಡ್ಜ್ ಆಗಲು ಹೈಕೋರ್ಟ್ ನಡೆಸುವ ಪರೀಕ್ಷೆ ಬರೆಯಬೇಕು. ವರ್ಜೀನಿಯದಲ್ಲಿ ರಿಚ್ಮಂಡಿನ ಶಾಸನಸಭೆಯ ಎರಡೂ ಸದನಗಳು ಓಟು ಹಾಕಿ ಆರಿಸುತ್ತವೆ. ಸರ್ಕ್ಯೂಟ್ ಕೋರ್ಟಿಗೆ 8 ವರ್ಷ, ಸುಪ್ರೀಂ ಕೋರ್ಟಿಗೆ 12. ದೇಶದಲ್ಲಿ ಈ ಪದ್ಧತಿ ಉಳಿದಿರುವುದು ಇಲ್ಲಿ ಮತ್ತು ದಕ್ಷಿಣ ಕ್ಯಾರೊಲೈನದಲ್ಲಿ ಮಾತ್ರ. ಉತ್ತರ ಕ್ಯಾರೊಲೈನದ ಜಡ್ಜುಗಳು ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಲ್ಲುತ್ತಾರೆ.

ನೀನು ಹೇಳಿದ ದುಡ್ಡಿನ ಕಥೆ ಪಕ್ಕದ ವೆಸ್ಟ್ ವರ್ಜೀನಿಯದ್ದು. ಮ್ಯಾಸಿ ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು. ಅಪೀಲು ಹಾಕುವ ಮೊದಲೇ, 2004ರಲ್ಲಿ, ಕಂಪನಿಯ ಮುಖ್ಯಸ್ಥ ಸುಮಾರು 30 ಲಕ್ಷ ಡಾಲರ್ ಖರ್ಚುಮಾಡಿ, ಆ ರಾಜ್ಯದ ಸುಪ್ರೀಂ ಕೋರ್ಟಿನ ಚುನಾವಣೆಗೆ ನಿಂತಿದ್ದ ಬ್ರೆಂಟ್ ಬೆಂಜಮಿನ್ ಅವರ ಗೆಲುವಿಗೆ ದುಡಿದ. ಅದೇ ಬೆಂಜಮಿನ್ ಪೀಠದಲ್ಲಿ ಕೂತು ಕಂಪನಿಯ ಪರವಾಗಿ ಓಟು ಹಾಕಿದರು. ಅವರು ಹಿಂದೆ ಸರಿಯಬೇಕಿತ್ತು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು, ಅದೂ 5-4ರ ಅಂತರದಲ್ಲಿ!

ಹಾಗಂತ ನಮ್ಮವರು ಸಾಚಾ ಅಂದುಕೊಳ್ಳಬೇಡ. ಇಲ್ಲಿ ದುಡ್ಡಿನ ಬದಲು ಪಕ್ಷದ ಲೆಕ್ಕಾಚಾರ. ನಮ್ಮ ಫೇರ್‌ಫ್ಯಾಕ್ಸ್ ಸರ್ಕ್ಯೂಟ್ ಕೋರ್ಟಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೂತಿದ್ದ ಜೇನ್ ರೌಶ್ ಅವರನ್ನು 2015ರಲ್ಲಿ ಗವರ್ನರ್ ಮೆಕಾಲಿಫ್ ರಾಜ್ಯದ ಸುಪ್ರೀಂ ಕೋರ್ಟಿಗೆ ತಾತ್ಕಾಲಿಕವಾಗಿ ನೇಮಿಸಿದರು. ಗವರ್ನರ್ ಡೆಮಾಕ್ರಟ್, ಶಾಸನಸಭೆ ರಿಪಬ್ಲಿಕನ್. ಮುಂದಿನ ವರ್ಷ ಸಭೆ ಅವರನ್ನು ಬಿಟ್ಟು ಬೇರೊಬ್ಬರನ್ನು ಆರಿಸಿತು. 2021ರಲ್ಲಿ ಡೆಮಾಕ್ರಟರ ಸರದಿ: ಮೇಲ್ಮನವಿ ನ್ಯಾಯಾಲಯದ ಜಡ್ಜುಗಳನ್ನು 11ರಿಂದ 17ಕ್ಕೆ ಏರಿಸಿ, ಒಂದೇ ಆಗಸ್ಟಿನಲ್ಲಿ ಎಂಟು ಜನರನ್ನು ಆರಿಸಿದರು. ಅದರಿಂದ ನಿನಗೆ ಲಾಭವೇ ಆಯಿತು ಅನ್ನು. 2022ರ ಜನವರಿಯಿಂದ ಸರ್ಕ್ಯೂಟ್ ಕೋರ್ಟಿನಲ್ಲಿ ಸಿವಿಲ್ ದಾವೆ ಸೋತವರಿಗೆ ಅಪೀಲು ಹಕ್ಕಾಗಿದೆ. ಮೊದಲು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿ, ವಿಚಾರಣೆಗೆ ತಗೊಳ್ಳಿ ಎಂದು ಕಾಯಬೇಕಿತ್ತು.

ಈಗ ನಿನ್ನ ವಿಷಯ. ಕರಾರುಪತ್ರದ ಕೊನೆಯ ಪುಟದ ಸಣ್ಣಕ್ಷರ ಓದು. ವ್ಯಾಜ್ಯ ಅಟ್ಲಾಂಟಾದಲ್ಲೇ ನಡೆಯಬೇಕು ಎಂದಿದ್ದರೆ ನೀನು ಜಾರ್ಜಿಯದ ಜಡ್ಜಿನ ಮುಂದೆ ಹೋಗಬೇಕಾಗಬಹುದು. ಅಲ್ಲಿ ಅವರನ್ನು ಪಕ್ಷದ ಗುರುತಿಲ್ಲದ ಚುನಾವಣೆಯಲ್ಲಿ ಜನರೇ ಆರಿಸುತ್ತಾರೆ. ಆರ್ಬಿಟ್ರೇಶನ್ ಎಂದಿದ್ದರೆ ಜಡ್ಜೂ ಇಲ್ಲ, ಜ್ಯೂರಿಯೂ ಇಲ್ಲ. ಯಾರು ನ್ಯಾಯ ಹೇಳಬೇಕೆಂಬುದನ್ನು ಸಹಿ ಹಾಕಿದ ದಿನವೇ ಒಪ್ಪಿಬಿಟ್ಟಿರುತ್ತೀಯ. ಅಂಥ ಷರತ್ತು ಇಲ್ಲದಿದ್ದರೆ, 5,000 ಡಾಲರ್ ಒಳಗಿನ ಬಾಕಿಗೆ ಫೇರ್‌ಫ್ಯಾಕ್ಸಿನ ಸ್ಮಾಲ್ ಕ್ಲೇಮ್ಸ್ ಸಾಕು, ಅಲ್ಲಿ ಇಬ್ಬರಿಗೂ ವಕೀಲರಿಲ್ಲ. 50,000ದವರೆಗೆ ಜನರಲ್ ಡಿಸ್ಟ್ರಿಕ್ಟ್ ಕೋರ್ಟ್.

ಸಿಟಿಜನ್ ಆಗಿಯೂ ನೀನು ಅಧ್ಯಕ್ಷರ ಚುನಾವಣೆಗೆ ಮಾತ್ರ ಓಟು ಹಾಕುತ್ತೀಯಲ್ಲ, ಅದು ಸಾಲದು. ರಿಚ್ಮಂಡಿನ ಡೆಲಿಗೇಟರನ್ನು ಆರಿಸುವುದು ಬೆಸ ವರ್ಷದ ನವೆಂಬರಿನಲ್ಲಿ. ಆಗ ಓಟು ಕೇಳಲು ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಫೇರ್‌ಫ್ಯಾಕ್ಸಿಗೆ ಎಂಥ ಜಡ್ಜನ್ನು ಆರಿಸುತ್ತೀರಿ ಎಂದು ಕೇಳು.